ಒಂದು ಕೇಳಿದರೆ ಎರಡು ಹೇಳಬೇಕು

ಹೋದ ತಿಂಗಳು ಕನ್ನಡಕ ಮಾಡಿಸಲು ಅಣ್ಣನ ಮೊಮ್ಮಗಳ ಜೊತೆ ದುರ್ಗಕ್ಕೆ ಹೋಗಿದ್ದೆ. ಕೋಟೆಯ ಕಡೆಗೆ ಹೋಗುವ ಒಂದು ಓಣಿಯಲ್ಲಿ ಯಾರೋ ಇದ್ದಿಲು ತುಂಬಿದ ಇಸ್ತ್ರಿ ಪೆಟ್ಟಿಗೆ ಹಿಡಿದು ಹೊಸ ಬಟ್ಟೆ ಉಜ್ಜುತ್ತಿದ್ದರು. ನೀರು ಚಿಮುಕಿಸಿದ ಹತ್ತಿಬಟ್ಟೆಯ ಮೇಲೆ ಬಿಸಿ ಕಬ್ಬಿಣ ಹರಿದಾಗ ಒಂದು ವಾಸನೆ ಏಳುತ್ತದೆ, ಗಂಜಿಯದು, ಹೊಗೆಯದು, ಸ್ವಲ್ಪ ಮಣ್ಣಿನದು. ನಾನು ಅಲ್ಲೇ ನಿಂತುಬಿಟ್ಟೆ.

"ಅಜ್ಜಿ, ಕಾಲು ನೋಯ್ತಾ ಐತಾ?" ಅಂದಳು ಹುಡುಗಿ.

ಕಾಲು ಯಾವತ್ತೂ ನೋಯುತ್ತದೆ, ಅದಕ್ಕೆಲ್ಲ ನಾನು ನಿಲ್ಲುವವಳಲ್ಲ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಇಪ್ಪತ್ನಾಲ್ಕು ವರ್ಷವಾಗಿತ್ತು, ಕೊರಳಲ್ಲಿ ಟೇಪು ನೇತಾಡುತ್ತಿತ್ತು, ಬೆರಳ ತುಂಬ ಸೂಜಿ ಚುಚ್ಚಿದ ಗಾಯವಿತ್ತು.

ಅದು ಎಪ್ಪತ್ತೈದೋ ಎಪ್ಪತ್ತಾರೋ. ಗಂಡನ ಮನೆ ಬಿಟ್ಟು ಹೊಸದುರ್ಗದ ಅಣ್ಣನ ಮನೆಗೆ ಬಂದು ಕೂತಿದ್ದೆ. ಯಾಕೆ ಬಂದೆ ಎಂದು ಇಲ್ಲಿ ಬರೆಯುವುದಿಲ್ಲ. ಆ ಮನುಷ್ಯ ಈಗಿಲ್ಲ; ಇದ್ದಾಗಲೂ ಅವನ ವಿಷಯ ಮಾತಾಡುವ ಆಸೆ ನನಗೆ ಇರಲಿಲ್ಲ. ಅಣ್ಣ ತೆಂಗಿನಕಾಯಿ ಮಂಡಿಯಲ್ಲಿ ಗುಮಾಸ್ತ. ಕೆಟ್ಟವನಲ್ಲ, ಆದರೆ ಊರವರ ಬಾಯಿಗೆ ಹೆದರುವವನು. ಅದೇ ಹೊತ್ತಿಗೆ ನಮ್ಮೂರ ಮಹಿಳಾ ಸಮಾಜದವರು ಹೊಲಿಗೆ ತರಗತಿ ಶುರು ಮಾಡಬೇಕೆಂದಿದ್ದರು. ಹೊಲಿಗೆ ಪರೀಕ್ಷೆಯ ಸರ್ಟಿಫಿಕೇಟ್ ತಂದರೆ ಟೀಚರ್ ಕೆಲಸ ನಿನಗೇ ಎಂದು ಅಧ್ಯಕ್ಷೆ ನನಗೆ ಮಾತು ಕೊಟ್ಟರು.

ಅಣ್ಣ ಒಂದು ದಿನ ಊಟಕ್ಕೆ ಕೂತಾಗ ತಟ್ಟೆ ನೋಡಿಕೊಂಡೇ ಹೇಳಿದ: "ಒಂದು ವರ್ಷ ನೋಡಾಣ ಗಿರಿಜ. ಪಾಸಾದ್ರೆ ನಿನ್ನ ದಾರಿ ನಿಂದು, ನಾನು ತುಟಿ ಬಿಚ್ಚಲ್ಲ. ಆಗ್ಲಿಲ್ಲ ಅಂದ್ರೆ ನಾನೇ ಕರ್ಕಂಡು ಹೋಗಿ ಅವ್ರ ಮನೆಗೆ ಬಿಟ್ಟು ಬರ್ತೀನಿ. ಆಮೇಲೆ ಅಳ್ಬಾರ್ದು."

"ಅಳೋದು ನಾನಾ?" ಎಂದೆ. ಒಳಗೆ ಜೀವ ಹಾರಿಹೋಗಿತ್ತು. ಯಾಕೆಂದರೆ ನನಗೆ ಬರುತ್ತಿದ್ದದ್ದು ದಿಂಬಿನ ಚೀಲ ಮತ್ತು ಒಳಲಂಗ, ಅಷ್ಟೇ. ಅತ್ತಿಗೆ ಗಂಗಮ್ಮ ತವರಿನಿಂದ ತಂದ ಕಾಲುಮಿಷನ್ ಮೇಲೆ ಅದನ್ನು ಕಲಿತಿದ್ದೆ. ರವಿಕೆಯನ್ನು ಕತ್ತರಿಸಿದರೆ ಒಂದು ತೋಳು ಮುಂದೆ ನೋಡುತ್ತಿತ್ತು, ಇನ್ನೊಂದು ಹಿಂದೆ.

ದುರ್ಗಕ್ಕೆ ಹೋಗಿ ವಿಚಾರಿಸಿದೆ. ತರಗತಿಗೆ ದಿನವೂ ಬರಬೇಕು, ವರ್ಷ ಪೂರ್ತಿ. ಅಲ್ಲಿ ಉಳಿಯಲು ನನಗೆ ಯಾರೂ ಇಲ್ಲ. ಖಾಸಗಿಯಾಗಿ ಪರೀಕ್ಷೆಗೆ ಕೂರಬಹುದು, ಆದರೆ ಒಬ್ಬ ಅನುಭವಸ್ಥ ಟೈಲರ್ "ಈಕೆ ವರ್ಷವಿಡೀ ನನ್ನ ಬಳಿ ಕೆಲಸ ಕಲಿತಿದ್ದಾಳೆ" ಎಂದು ಅರ್ಜಿಗೆ ಸಹಿ ಹಾಕಬೇಕು. ಕಚೇರಿಯಿಂದ ಹೊರಗೆ ಬಂದಾಗ ಜೋಗಿಮಟ್ಟಿ ಬೆಟ್ಟದ ಕಡೆಯಿಂದ ಗಾಳಿ ಎಷ್ಟು ಜೋರಾಗಿ ಬೀಸುತ್ತಿತ್ತೆಂದರೆ ಸೆರಗು ಹಿಡಿದುಕೊಳ್ಳಲೋ ಅರ್ಜಿ ಹಿಡಿದುಕೊಳ್ಳಲೋ ತಿಳಿಯಲಿಲ್ಲ. ಅರ್ಜಿಯನ್ನೇ ಹಿಡಿದುಕೊಂಡೆ.

ಯಾರೋ ಖಾದರ್ ಸಾಹೇಬರ ಅಂಗಡಿ ತೋರಿಸಿದರು. ಅರವತ್ತು ದಾಟಿದ ಮನುಷ್ಯ, ಬಿಳಿ ಗಡ್ಡ, ಕಿವಿಯ ಮೇಲೆ ಸೀಸದ ಕಡ್ಡಿ. ಅವರ ತಾತ ಮುತ್ತಾತಂದಿರ ಕಾಲದಿಂದ ದುರ್ಗದಲ್ಲಿ ಹೊಲಿಗೆಯೇ ಅವರ ಮನೆಯ ಕಸುಬು. ನನ್ನ ಕಥೆ ಕೇಳಿ ನಗಲಿಲ್ಲ, ಅದೇ ದೊಡ್ಡದು.

"ಹೆಣ್ಮಕ್ಕಳನ್ನ ಅಂಗಡಿಯಾಗೆ ಕೂರಿಸ್ಕಂಡು ಕಲಿಸಾದು ನಮ್ಮಲ್ಲಿ ಇಲ್ಲಮ್ಮ. ಕಲ್ಸಿದ್ರೂ ನೀನು ಹೊಸದುರ್ಗ, ನಾನು ದುರ್ಗ," ಎಂದರು. ಆಮೇಲೆ ಮೇಜಿನ ಕೆಳಗಿನಿಂದ ಒಂದು ಖಾಕಿ ಚೀಲ ತೆಗೆದು ನನ್ನ ಮುಂದಿಟ್ಟರು. ಒಳಗೆ ರಟ್ಟಿನ ಹೊದಿಕೆಯ ದಪ್ಪ ಪುಸ್ತಕ. ಎಡಗಡೆಯ ಪುಟದಲ್ಲಿ ಪ್ರಶ್ನೆ, ಬಲಗಡೆಯಲ್ಲಿ ಉತ್ತರ. ಬೇರೆ ಬೇರೆ ಕೈಬರಹ, ಬೇರೆ ಬೇರೆ ಶಾಯಿ, ನಡುನಡುವೆ ತೋಳು ಕಾಲರುಗಳ ಚಿತ್ರ.

"ನಾನು ಎಂಟು ವರ್ಷ ಉಸ್ತಾದರ ಹತ್ರ ಇದ್ದೆ. ಗುಂಡಿಗೆ ಕಾಜ ಹೊಲಿಯಾದು ಬಿಟ್ರೆ ಏನೂ ಹೇಳಿಕೊಡ್ಲಿಲ್ಲ. ಬಟ್ಟೆಗೆ ಕತ್ತರಿ ಹಾಕಾಗ ನಮ್ಮ ಕಡೆ ಬೆನ್ನು ಮಾಡಿ ನಿಂತ್ಕಳಾರು. ಎಲ್ಲ ಉಸ್ತಾದರೂ ಹಂಗೇ. ವಿದ್ಯೆ ಕದ್ದು ನೋಡಿ ಕಲೀಬೇಕಾಗಿತ್ತು. ನನಗೆ ಅದು ಸರಿ ಬರ್ಲಿಲ್ಲ," ಎಂದರು ಸಾಹೇಬರು.

ಅದಕ್ಕೇ ಈ ಪುಸ್ತಕ. ದುರ್ಗದಿಂದ ಹೊರಟು ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಸುತ್ತಿ ಮತ್ತೆ ದುರ್ಗಕ್ಕೆ ಬರುವ ಒಂದು ಬಸ್ಸಿತ್ತು. ಆ ಬಸ್ಸಿನ ಕಂಡಕ್ಟರ್ ರುದ್ರಪ್ಪನ ಕೈಯಲ್ಲಿ ಚೀಲ ತಿರುಗುತ್ತಿತ್ತು. ಒಂದೊಂದು ಊರಿನಲ್ಲಿ ಒಂದೊಂದು ದಿನ ತಂಗುತ್ತಿತ್ತು. ಆ ಊರಿನ ಟೈಲರುಗಳು ತಮಗೆ ಗೊತ್ತಿಲ್ಲದ್ದನ್ನು ಕೇಳಿ ಬರೆಯುವರು, ಬೇರೆಯವರು ಕೇಳಿದ್ದರಲ್ಲಿ ಗೊತ್ತಿದ್ದದ್ದಕ್ಕೆ ಉತ್ತರ ಬರೆಯುವರು. ಹೊಸದುರ್ಗದಲ್ಲಿ ಬರೆಯುತ್ತಿದ್ದವನು ಊರು ಬಿಟ್ಟು ಹೋಗಿದ್ದ. ಬುಧವಾರ ಚೀಲ ನಮ್ಮ ಊರಿಗೆ ಬಂದು ಯಾರೂ ಬಿಚ್ಚದೆ ಹಾಗೇ ಮುಂದಕ್ಕೆ ಹೋಗುತ್ತಿತ್ತು.

"ಬುಧವಾರ ನಿಂದು," ಎಂದರು ಸಾಹೇಬರು. "ಎರಡು ಕಾಯ್ದೆ ಅವೆ. ಒಂದು ಕೇಳಿದ್ರೆ ಎರಡು ಹೇಳ್ಬೇಕು. ಬರೆದಿದ್ದು ತಪ್ಪಾದ್ರೆ ಪುಟ ಹರಿಯಂಗಿಲ್ಲ, ಅಳಿಸಂಗಿಲ್ಲ. ಬರೆದೋರೇ ಕೆಳಗೆ 'ಇದು ತಪ್ಪು' ಅಂತ ಬರೆದು ಹೆಸರು ಹಾಕ್ಬೇಕು. ವರ್ಷ ಆದ್ಮೇಲೆ ಈ ಪುಸ್ತಕ ನೋಡಿ ನಿನ್ನ ಅರ್ಜಿಗೆ ಸಹಿ ಹಾಕಾದೋ ಬಿಡಾದೋ ಹೇಳ್ತೀನಿ."

ನನಗೆ ಕೇಳಲು ನೂರು ಪ್ರಶ್ನೆ ಇದ್ದವು. ಹೇಳಲು ಏನಿತ್ತು? ಆ ಮನುಷ್ಯ ನನ್ನನ್ನು ಸಾಗಹಾಕಲು ಹೀಗೆ ಮಾಡಿದ್ದಾನೆ ಎಂದು ಬಸ್ಸಿನಲ್ಲಿ ಹಲ್ಲು ಕಚ್ಚಿಕೊಂಡು ಊರಿಗೆ ಬಂದೆ.

ಮೊದಲ ಬುಧವಾರ ಬೆಳಿಗ್ಗೆ ರುದ್ರಪ್ಪ ಬಸ್ಸಿನ ಮೆಟ್ಟಿಲ ಮೇಲೆ ನಿಂತು ಚೀಲ ಚಾಚಿದ. "ನಾಳೆ ಇದೇ ಹೊತ್ತಿಗೆ ಕೊಡ್ಬೇಕವ್ವ. ಡ್ರೈವರ್ ಕಾಯಲ್ಲ, ನಾನಂತೂ ಮೊದ್ಲೇ ಕಾಯಲ್ಲ." ಮನೆಗೆ ತಂದು ಬಿಚ್ಚಿದೆ. ಹೊಳಲ್ಕೆರೆಯವರು ಕೇಳಿದ್ದರು: ಬಿಳಿ ಬಟ್ಟೆಗೆ ಮಿಷನ್ ಎಣ್ಣೆ ಬಿದ್ದಿದೆ, ಗಿರಾಕಿ ಸಂಜೆ ಬರುತ್ತಾನೆ, ಏನು ಮಾಡುವುದು? ಅಷ್ಟು ಹೊತ್ತಿಗೆ ಗಿರಾಕಿ ಬಂದು ಬೈದು ಹೋಗಿಯಾಗಿತ್ತೇನೋ, ಆದರೂ ಉತ್ತರ ನನಗೆ ಗೊತ್ತಿತ್ತು. ಸೀಮೆಸುಣ್ಣ ಪುಡಿ ಮಾಡಿ ಕಲೆಯ ಮೇಲೆ ಹಾಕಿ, ಮೇಲೆ ಕಾಗದವಿಟ್ಟು ಇಸ್ತ್ರಿ ಮಾಡಿದರೆ ಎಣ್ಣೆಯನ್ನು ಸುಣ್ಣ ಹೀರಿಕೊಳ್ಳುತ್ತದೆ. ಅತ್ತಿಗೆಯ ಮಿಷನ್ನಿಗೆ ಕೈತುಂಬ ಎಣ್ಣೆ ಸುರಿದು ಸುರಿದು ನಾನು ಅದರಲ್ಲಿ ಪಂಡಿತೆಯಾಗಿದ್ದೆ. ಬರೆದೆ. ನನ್ನ ಹೆಸರು ಹಾಕಿದೆ. ಆ ಪುಟದಲ್ಲಿ "ಗಿರಿಜ, ಹೊಸದುರ್ಗ" ಎಂದು ಕಂಡಾಗ ಆದ ಹೆಮ್ಮೆ ಮದುವೆಯ ಲಗ್ನಪತ್ರಿಕೆಯಲ್ಲಿ ಹೆಸರು ಕಂಡಾಗ ಆಗಿರಲಿಲ್ಲ.

ಎರಡನೆಯ ಉತ್ತರಕ್ಕೆ ಗೊತ್ತಿದ್ದದ್ದು ಖಾಲಿಯಾಗಿತ್ತು. ಎಂಟು ವರ್ಷದ ಹುಡುಗಿಯ ನೆರಿಗೆ ಲಂಗಕ್ಕೆ ಎಷ್ಟು ಬಟ್ಟೆ ಬೇಕು ಎಂದು ಯಾರೋ ಕೇಳಿದ್ದರು. ಅಣ್ಣನ ಮಗಳ ಲಂಗ ಹಗ್ಗದ ಮೇಲೆ ಒಣಗುತ್ತಿತ್ತು. ತಂದು ಸೊಂಟದ ಪಟ್ಟಿ ಬಿಚ್ಚಿ, ನೆರಿಗೆ ಬಿಡಿಸಿ, ನೆಲದ ಮೇಲೆ ಹರವಿ ಅಳೆದೆ. ಮತ್ತೆ ಹೊಲಿಯುವ ಹೊತ್ತಿಗೆ ನೆರಿಗೆ ಹೇಗೆ ಕೂರುತ್ತದೆ ಎಂಬುದು ಕೈಗೆ ಬಂದಿತ್ತು. ಅಲ್ಲಿಗೆ ನನಗೆ ದಾರಿ ಸಿಕ್ಕಿತು. ಗೊತ್ತಿಲ್ಲದ ಪ್ರಶ್ನೆ ಬಂದರೆ ಮನೆಯಲ್ಲಿ ಅಂಥದ್ದೊಂದು ಬಟ್ಟೆ ಹುಡುಕು, ಬಿಚ್ಚು, ನೋಡು, ಮತ್ತೆ ಹೊಲಿ, ಆಮೇಲೆ ಬರೆ.

ಆ ಮಳೆಗಾಲ ಆ ಮನೆಯಲ್ಲಿ ನಾನು ಬಿಚ್ಚದ ಬಟ್ಟೆ ಉಳಿಯಲಿಲ್ಲ. ಹೊರಗೆ ಜಿಟಿಜಿಟಿ ಮಳೆ, ಒಳಗೆ ನಡುಮನೆಯ ತುಂಬ ತೋಳು, ಕಾಲರು, ಜೇಬು. ಒಂದು ಬೆಳಿಗ್ಗೆ ಅಣ್ಣ ಮಂಡಿಗೆ ಹೋಗಲು ಹೊರಟು ಮನೆಯೆಲ್ಲ ಅಂಗಿ ಹುಡುಕುತ್ತಿದ್ದ. ಅವನ ಮೂರೂ ಅಂಗಿಗಳ ಕಾಲರು ನನ್ನ ಮಡಿಲಲ್ಲಿದ್ದವು.

"ಲೇ ಗಿರಿಜ, ನನ್ನನ್ನೂ ಬಿಚ್ಚಿ ನೋಡಿಬಿಡೇ," ಎಂದು ಕೂಗಾಡಿದ. ಅತ್ತಿಗೆ ಒಲೆಯ ಮುಂದೆ ಕೂತು ಸೆರಗಿನಲ್ಲಿ ಮುಖ ಮುಚ್ಚಿ ನಗುತ್ತಿದ್ದಳು. ಆದರೆ ಸಂಜೆ ಅವನು ಬಂದಾಗ ಮೂರೂ ಅಂಗಿಯ ಕಾಲರು ಮೊದಲಿಗಿಂತ ನೆಟ್ಟಗೆ ಕೂತಿದ್ದವು, ಸವೆದ ಕಡೆಯನ್ನು ಒಳಗೆ ಮಾಡಿ ತಿರುಗಿಸಿ ಹೊಲಿದಿದ್ದೆ. ಕನ್ನಡಿಯ ಮುಂದೆ ಎರಡು ಸಲ ನಿಂತು ನೋಡಿಕೊಂಡ.

ಪುಸ್ತಕದಲ್ಲಿ ನನ್ನ ದೊಡ್ಡ ಎದುರಾಳಿ ಹಿರಿಯೂರಿನ ತಿಪ್ಪೇಸ್ವಾಮಿ. ಒಳ್ಳೆಯ ಕೈ ಇದ್ದ ಟೈಲರ್, ಬಾಯಿ ಅದಕ್ಕಿಂತ ಒಂದು ಗೇಣು ಉದ್ದ. ಬೆಲ್‌ಬಾಟಂ ಹೊಲಿಯುವುದರಲ್ಲಿ ಅವನನ್ನು ಬಿಟ್ಟರಿಲ್ಲ. ನನ್ನ ಪ್ರತಿ ಉತ್ತರದ ಕೆಳಗೂ ಏನಾದರೊಂದು ಕೊಕ್ಕೆ ಹಾಕುತ್ತಿದ್ದ. "ಹೊಸದುರ್ಗದ ಮೇಡಂ ಹೇಳಿದ್ದು ಸರಿ, ಆದರೆ ಇದನ್ನು ನಮ್ಮ ಅಜ್ಜಿಯೂ ಹೇಳುತ್ತಿದ್ದಳು" ಎಂದು ಬರೆಯುವನು. ನಾನು "ನಿಮ್ಮ ಅಜ್ಜಿಯನ್ನೇ ಅಂಗಡಿಯಲ್ಲಿ ಕೂರಿಸಿದ್ದರೆ ಹಿರಿಯೂರಿನವರು ಬದುಕಿಕೊಳ್ಳುತ್ತಿದ್ದರು" ಎಂದು ಬರೆದೆ. ಹೊಳಲ್ಕೆರೆಯ ಅಂಗಡಿಯಲ್ಲಿ ಸೋಮವಾರ ಸಂಜೆಯಿಂದಲೇ ನಮ್ಮ ಜಗಳ ಓದಲು ಕಾಯುತ್ತಿದ್ದರಂತೆ, ರುದ್ರಪ್ಪ ಹೇಳಿದ.

ದಸರಾ ಕಳೆಯುವ ಹೊತ್ತಿಗೆ ನಾನು ಕೇಳುವುದು ಕಡಿಮೆಯಾಗಿ ಹೇಳುವುದು ಜಾಸ್ತಿಯಾಗಿತ್ತು. ಮಿಷನ್ ಹೊಲಿಗೆ ಬಿಟ್ಟುಬಿಟ್ಟು ಬೀಳುತ್ತದೆಯೇ? ಸೂಜಿ ತಿರುವುಮುರುವು ಹಾಕಿದ್ದೀರಿ, ಚಪ್ಪಟೆ ಮಗ್ಗುಲು ನೋಡಿ ಹಾಕಿರಿ. ಟೆರಿಕಾಟ್ ಬಟ್ಟೆ ಸುಕ್ಕಾಗುತ್ತದೆಯೇ? ದಾರದ ಬಿಗಿ ಸಡಿಲಿಸಿ. ಜಂಬ ಬಂದಿತ್ತು ನನಗೆ. ಈಗ ಹೇಳಲು ನಾಚಿಕೆಯಿಲ್ಲ, ಚೆನ್ನಾಗಿಯೇ ಬಂದಿತ್ತು.

ಮಾಗಿಯ ಚಳಿ ಶುರುವಾದಾಗ ಕರಿಯಮ್ಮನ ಪ್ರಶ್ನೆ ಬಂತು. ಬರೆದವನು ತಿಪ್ಪೇಸ್ವಾಮಿ. ಯಲ್ಲದಕೆರೆಯ ಕುರಿಗಾರರ ಮನೆಯ ಹೆಂಗಸು, ಎಷ್ಟು ಸಲ ರವಿಕೆ ಹೊಲಿದು ಕೊಟ್ಟರೂ ಎರಡು ತಿಂಗಳಿಗೆ ಕಂಕುಳಲ್ಲಿ ಹರಿಯುತ್ತದೆ, ಕೆಲಸ ಮಾಡುವಾಗ ಮೇಲೆ ಏರುತ್ತದೆ, ಏನು ಮಾಡಲಿ ಎಂದು. ಆಗ ಹೆಂಗಸರು ಟೈಲರಿಗೆ ಮೈ ಅಳತೆ ಕೊಡುತ್ತಿರಲಿಲ್ಲ. ಹಳೆಯ ರವಿಕೆ ಒಂದನ್ನು ಅಳತೆಗೆಂದು ಕಳಿಸುವರು. ಅದರ ಮೇಲಿಟ್ಟು ಹೊಸದನ್ನು ಕತ್ತರಿಸಬೇಕು, ಅದೇ ರಿವಾಜು. ನಾನು ಹೆಚ್ಚು ಯೋಚಿಸಲೇ ಇಲ್ಲ. ಹರಿಯುತ್ತದೆ ಎಂದರೆ ಬಿಗಿಯಾಗಿದೆ. ಕಂಕುಳ ಸುತ್ತನ್ನು ಒಂದು ಅಂಗುಲ ಕೆಳಕ್ಕೆ ಇಳಿಸಿ ಸಡಿಲ ಮಾಡಿ ಎಂದು ಬರೆದೆ. ಅಡಿಯಲ್ಲಿ ಗೆರೆ ಬೇರೆ ಎಳೆದೆ.

ಮೂರನೆಯ ಬುಧವಾರ ತಿಪ್ಪೇಸ್ವಾಮಿಯ ಕೈಬರಹ ಪುಟದ ತುಂಬ ಇತ್ತು. "ಮೇಡಂ ಹೇಳಿದ ಹಾಗೇ ಇಳಿಸಿದೆ. ಮೊದಲು ಎರಡು ತಿಂಗಳು ಬಾಳುತ್ತಿತ್ತು, ಈಗ ಎಂಟು ದಿನಕ್ಕೆ ಹರಿಯಿತು. ಕೈ ಎತ್ತಿದರೆ ರವಿಕೆ ಎದೆಗೆ ಬರುತ್ತದಂತೆ. ಸಂತೆಯ ದಿನ ಕರಿಯಮ್ಮ ಅಂಗಡಿಗೆ ಬಂದು, ನಾಲ್ಕು ಜನರ ಮುಂದೆ ಅದನ್ನು ನನ್ನ ಮೇಜಿನ ಮೇಲೆ ಬಿಸಾಡಿ ಹೋದಳು. ಮೇಡಂ ಈಗ ಏನು ಹೇಳುತ್ತಾರೆ?"

ಅದರ ಕೆಳಗೆ ಖಾದರ್ ಸಾಹೇಬರ ದಪ್ಪ ದುಂಡು ಅಕ್ಷರ: "ಗಿರಿಜಮ್ಮ, ಅರ್ಜಿ ಕೊಡಲು ಇನ್ನು ಒಂದು ತಿಂಗಳು ಇದೆ. ಈ ಪುಟಕ್ಕೆ ಸರಿ ಉತ್ತರ ಬಂದ ಮೇಲೆ ನನ್ನ ಸಹಿ."

ಕಿವಿಯವರೆಗೆ ಬಿಸಿಯಾಯಿತು. ಸಿಟ್ಟು ಸಾಹೇಬರ ಮೇಲೆ, ತಿಪ್ಪೇಸ್ವಾಮಿಯ ಮೇಲೆ, ಕಾಣದ ಕರಿಯಮ್ಮನ ಮೇಲೆ. ಆ ವಾರ ಪುಸ್ತಕದಲ್ಲಿ ಏನೂ ಬರೆಯದೆ ವಾಪಸು ಕೊಟ್ಟೆ. "ಇದು ತಪ್ಪು" ಎಂಬ ಎರಡು ಮಾತು ಬರೆಯಲು ಕೈ ಬರಲಿಲ್ಲ. ಮುಂದಿನ ಬುಧವಾರವೂ ಬರೆಯಲಿಲ್ಲ. ಸಂಕ್ರಾಂತಿಯ ಎಳ್ಳು ಬೀರಿ ಬಂದ ಸಂಜೆ ಅಣ್ಣ ಮೆಲ್ಲಗೆ, "ಅವ್ರ ಮನೆಯೋರು ಸಂತೆಯಾಗೆ ಸಿಕ್ಕಿದ್ರು. ಯುಗಾದಿಗೆ ಕಳಿಸ್ತೀರಾ ಅಂತ ಕೇಳಿದ್ರು," ಎಂದ. ಆ ಮನೆಯ ಹಿತ್ತಲ ಬಾಗಿಲು, ಅದರ ಚಿಲಕದ ಸದ್ದು, ಎಲ್ಲ ನೆನಪಾಯಿತು.

ಮಾರನೆಯ ಬೆಳಿಗ್ಗೆ ಟೇಪು, ಕತ್ತರಿ, ಎರಡು ಹಳೆಯ ಪತ್ರಿಕೆ ಚೀಲಕ್ಕೆ ಹಾಕಿಕೊಂಡು ರುದ್ರಪ್ಪನ ಬಸ್ಸು ಹತ್ತಿದೆ.

"ಪುಸ್ತಕದ ಬದ್ಲು ನೀನೇ ಹೊಂಟ್ಯೇನವ್ವ?" ಎಂದ ರುದ್ರಪ್ಪ.

"ಹೂನಣ್ಣ. ಪುಸ್ತಕಕ್ಕೆ ಕಾಲಿಲ್ಲ, ನನಗೈತೆ."

ಹಿರಿಯೂರಿನಲ್ಲಿ ತಿಪ್ಪೇಸ್ವಾಮಿಯನ್ನು ಮೊದಲ ಸಲ ಕಣ್ಣಾರೆ ನೋಡಿದೆ. ಬರಹದಲ್ಲಿ ಆರಡಿ ಇದ್ದವನು ನಿಂತರೆ ನನ್ನ ಭುಜಕ್ಕೆ ಬರುತ್ತಿದ್ದ. ಅವನೂ ನನ್ನನ್ನು ನೋಡಿ ಸ್ವಲ್ಪ ಪೆಚ್ಚಾದ. ಜಗಳಗಂಟಿ ಮುದುಕಿ ಎಂದುಕೊಂಡಿದ್ದನಂತೆ. "ಬರ್ರಿ ಮೇಡಂ, ಕುಂತ್ಕಳ್ರಿ," ಎಂದು ಸ್ಟೂಲು ಒರೆಸಿ ಕೊಟ್ಟ. ನಾನು ಕೂರಲಿಲ್ಲ. ಯಲ್ಲದಕೆರೆಗೆ ಹೋಗುವ ಬಸ್ಸು ಯಾವುದು ಎಂದಷ್ಟೇ ಕೇಳಿದೆ.

ಕರಿಯಮ್ಮ ಊರಾಚೆ ಜಾಲಿಮರಗಳ ಕೆಳಗೆ ಇದ್ದಳು. ನಲವತ್ತರ ಆಸುಪಾಸಿನ ಗಟ್ಟಿ ಹೆಂಗಸು, ಕೈಯಲ್ಲಿ ಉದ್ದದ ದೋಟಿ. ಕೊಂಬೆಗೆ ಕೊಕ್ಕೆ ಸಿಕ್ಕಿಸಿ ಎಳೆದರೆ ಜಾಲಿಕಾಯಿ ಉದುರುತ್ತಿತ್ತು, ಕುರಿಗಳು ಮುಗಿಬೀಳುತ್ತಿದ್ದವು. ನಾನು ಯಾರೆಂದು ಹೇಳಿದೆ.

"ಓ, ನನ್ನ ಕುಬ್ಸ ಕೆಡಿಸಿದೋಳು ನೀನೇನಾ? ಬಾ ಬಾ," ಎಂದಳು. ಬೈಗುಳ ಕಾದಿದ್ದ ನನಗೆ ಅವಳು ಕುಡಿಯಲು ಮಜ್ಜಿಗೆ ಕೊಟ್ಟಳು.

ಮರದ ಮರೆಗೆ ಕರೆದು ನೆಟ್ಟಗೆ ನಿಲ್ಲಿಸಿದೆ. ಎದೆ, ಸೊಂಟ, ಬೆನ್ನು, ತೋಳು ಅಳೆದೆ. ಅಳತೆ ರವಿಕೆಗೂ ಮೈಗೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ತಿಪ್ಪೇಸ್ವಾಮಿಯ ಕತ್ತರಿಯಲ್ಲಿ ತಪ್ಪಿರಲಿಲ್ಲ. ಹಾಗಾದರೆ ಹರಿಯುವುದೇಕೆ? ಮತ್ತೆ ಅಳೆದೆ. ಮೂರನೆಯ ಸಲ ಟೇಪು ಹಿಡಿದಾಗ ಕರಿಯಮ್ಮನಿಗೆ ಸಾಕಾಯಿತು.

"ಅಲ್ಲವ್ವ, ಕೈ ಇಳಿಸ್ಕಂಡು ನಿಂತೋಳನ್ನ ಎಷ್ಟು ಸಲ ಅಳೀತೀಯ? ನಾನೇನ್ ದಿನಾ ಹಿಂಗೆ ಬೊಂಬೆ ತರ ನಿಂತಿರ್ತೀನಾ? ಬೆಳಗಿಂದ ಬೈಗಿನ ತಂಕ ಕೈ ಮೇಲೇ ಇರ್ತೈತೆ!" ಎಂದು ದೋಟಿ ತೆಗೆದುಕೊಂಡು ಮತ್ತೆ ಕೊಂಬೆಗೆ ಕೈ ಎತ್ತಿದಳು.

ನಾನು ಅವಳ ಪಕ್ಕಕ್ಕೆ ಕೂತುಬಿಟ್ಟೆ. ಕೆಳಗಿನಿಂದ ನೋಡಿದೆ. ಕೈ ಮೇಲೆ ಹೋದಂತೆ ತೋಳು ರವಿಕೆಯನ್ನು ಹಿಡಿದು ಎಳೆಯುತ್ತಿತ್ತು. ಎಲ್ಲಿ ಹಿಡಿದು? ತೋಳನ್ನು ಮೈಗೆ ಕೂಡಿಸಿದ ಜಾಗದಲ್ಲಿ. ಆ ಜಾಗ ಕಂಕುಳಿಗಿಂತ ಎಷ್ಟು ಕೆಳಗಿದೆಯೋ ಅಷ್ಟು ಬಟ್ಟೆ ಕೈಯ ಜೊತೆ ಮೇಲಕ್ಕೆ ಹೋಗಬೇಕು. ಹೊದ್ದು ಮಲಗಿದವನ ಕಂಬಳಿಯ ತುದಿ ಹಿಡಿದು ಎಳೆದ ಹಾಗೆ. ನಾನು ಸಡಿಲವಾಗಲಿ ಎಂದು ಅದನ್ನು ಇನ್ನೂ ಒಂದು ಅಂಗುಲ ಕೆಳಕ್ಕೆ ಇಳಿಸಿದ್ದೆ! ಇಳಿಸುವುದಲ್ಲ, ಏರಿಸಬೇಕಿತ್ತು. ಸುತ್ತು ಚಿಕ್ಕದಾಗಿ ಕಂಕುಳಿಗೆ ಹತ್ತಿರ ಕೂರಬೇಕು, ತೋಳಿನ ಬುಡ ಅಗಲವಾಗಬೇಕು, ಕಂಕುಳಲ್ಲಿ ಒಂದು ಚೌಕದ ತುಂಡು ಅಡ್ಡಲಾಗಿ ಸೇರಬೇಕು. ಹಾಗಾದರೆ ಕೈ ತನ್ನ ಪಾಡಿಗೆ ಮೇಲೆ ಹೋಗುತ್ತದೆ, ರವಿಕೆ ತನ್ನ ಪಾಡಿಗೆ ಸೊಂಟದಲ್ಲಿ ಇರುತ್ತದೆ.

"ಕರಿಯಮ್ಮ, ಹಂಗೇ ಇರು! ಕೈ ಇಳಿಸ್ಬೇಡ!" ಎಂದು ಕೂಗಿದೆ. ಕೈ ಎತ್ತಿದವಳ ಸೊಂಟದಿಂದ ಕಂಕುಳಿಗೆ, ಕಂಕುಳಿಂದ ಮೊಳಕೈಗೆ ಟೇಪು ಹಿಡಿದೆ. ಇಳಿಸಿ ಅಳೆದದ್ದಕ್ಕೂ ಎತ್ತಿ ಅಳೆದದ್ದಕ್ಕೂ ಮೂರು ಅಂಗುಲಕ್ಕೂ ಹೆಚ್ಚು ವ್ಯತ್ಯಾಸ ಬಂತು. ನಗು ತಡೆಯಲಾಗಲಿಲ್ಲ. ಕುರಿಗಳ ನಡುವೆ ಕೂತು ಹುಚ್ಚಿಯ ಹಾಗೆ ನಕ್ಕೆ.

ಹಿರಿಯೂರಿಗೆ ವಾಪಸು ಬಂದು ತಿಪ್ಪೇಸ್ವಾಮಿಯ ಮೇಜಿನ ಮೇಲೆ ಪತ್ರಿಕೆ ಹರವಿ ಕತ್ತರಿಸಿದೆ. ಅವನು ಹಣೆ ಚಚ್ಚಿಕೊಂಡ. "ಮೇಡಂ, ಕಂಕುಳು ಬಿಗಿ ಆಗ್ತೈತೆ! ಈ ಸಲ ಆಯಮ್ಮ ಕುಬ್ಸ ಅಲ್ಲ, ನನ್ನನ್ನೇ ಬಿಸಾಡ್ತಾಳೆ!" ಆದರೂ ಮಿಷನ್ ಬಿಟ್ಟುಕೊಟ್ಟ, ಚೌಕದ ತುಂಡನ್ನು ತಾನೇ ಓರೆಯಾಗಿ ಕತ್ತರಿಸಿ ಕೊಟ್ಟ. ಓರೆ ಕತ್ತರಿಸಿದರೆ ಬಟ್ಟೆ ಎಳೆತಕ್ಕೆ ಒಗ್ಗುತ್ತದೆ. ಅದು ನನಗೆ ಹೊಳೆದಿರಲಿಲ್ಲ, ಒಪ್ಪಿಕೊಳ್ಳಬೇಕು. ಸಂಜೆಯ ಬಸ್ಸಿನ ಹೊತ್ತಿಗೆ ರವಿಕೆ ಆಯಿತು. ಮಾರನೆಯ ದಿನ ಅವನೇ ಯಲ್ಲದಕೆರೆಗೆ ತಲುಪಿಸಿದ.

ಆಮೇಲೆ ಎರಡು ವಾರ ಸುದ್ದಿಯಿಲ್ಲ. ನಾನು ಮಾತ್ರ ಮೊದಲ ಬುಧವಾರವೇ ಪುಸ್ತಕ ತೆರೆದು, ಗೆರೆ ಎಳೆದ ನನ್ನ ಹಳೆಯ ಉತ್ತರದ ಕೆಳಗೆ "ಇದು ತಪ್ಪು. ಗಿರಿಜ, ಹೊಸದುರ್ಗ" ಎಂದು ಬರೆದಿದ್ದೆ. ಸಾಯುತ್ತೇನೆಂದುಕೊಂಡಿದ್ದೆ, ಏನೂ ಆಗಲಿಲ್ಲ. ಕೆಳಗೆ ಹೊಸ ಉತ್ತರವನ್ನು ಚಿತ್ರದ ಜೊತೆ ಬಿಡಿಸಿ ಬರೆದೆ. ಅರ್ಜಿಯ ಗಡುವಿಗೆ ನಾಲ್ಕು ದಿನವಿರುವಾಗ ಪುಸ್ತಕ ಬಂತು. ತಿಪ್ಪೇಸ್ವಾಮಿ ಬರೆದಿದ್ದ: "ಕರಿಯಮ್ಮ ಸಂತೆಗೆ ಬಂದಿದ್ದಳು. ಅಂಗಡಿಯ ಮುಂದೆ ನಿಂತು ಎರಡೂ ಕೈ ಮೇಲೆತ್ತಿ ಎಲ್ಲರಿಗೂ ತೋರಿಸಿದಳು. ದಾರಿಯಲ್ಲಿ ಹೋಗುವವರು ಆಯಮ್ಮನಿಗೆ ದೇವರು ಬಂದಿದೆ ಎಂದುಕೊಂಡರು. ಹೊಲಿಗೆ ಒಂದೂ ಬಿಟ್ಟಿಲ್ಲ. ಇನ್ನೂ ಆರು ಜನ ಇಂಥದ್ದೇ ಬೇಕು ಎಂದಿದ್ದಾರೆ. ಇದನ್ನು ನಮ್ಮ ಅಜ್ಜಿ ಹೇಳಿರಲಿಲ್ಲ." ಮೊದಲ ದಿನವೇ ಸಾಹೇಬರ ಬಳಿ ಬಿಟ್ಟು ಬಂದಿದ್ದ ನನ್ನ ಅರ್ಜಿ ಪುಸ್ತಕದ ನಡುವೆ ಮಡಚಿಟ್ಟಿತ್ತು. ಖಾದರ್ ಸಾಹೇಬರ ಸಹಿ ಬಿದ್ದಿತ್ತು.

ಪರೀಕ್ಷೆ ದುರ್ಗದ ಒಂದು ಶಾಲೆಯಲ್ಲಿ. ಬಿಸಿಲಿಗೆ ಕೋಟೆಯ ಬಂಡೆಗಳೆಲ್ಲ ಕಾದು ಊರಿಗೆ ಊರೇ ಬಾಣಲೆಯಾಗಿತ್ತು. ಮೂವತ್ತು ಜನ ಹುಡುಗಿಯರು, ಎಲ್ಲ ತರಗತಿಯಲ್ಲಿ ಕಲಿತವರು. ಒಂದು ರವಿಕೆಯನ್ನು ಕತ್ತರಿಸಿ ಹೊಲಿದು ಮುಗಿಸಬೇಕು. ಅಳತೆಗೆ ಆ ಶಾಲೆಯ ಆಯಾ ನಂಜಮ್ಮನನ್ನು ನಿಲ್ಲಿಸಿದ್ದರು. ಎಲ್ಲರೂ ಅಳೆದರು. ನನ್ನ ಸರದಿ ಬಂದಾಗ ನಾನು, "ನಂಜಮ್ಮ, ನೀವು ದಿನಾ ಏನೇನು ಕೆಲಸ ಮಾಡ್ತೀರಿ?" ಎಂದು ಕೇಳಿದೆ. ಗುಡಿಸಾದು, ಬೋರ್ಡು ಒರೆಸಾದು, ಎತ್ತರದ ಕಿಟಕಿ ತೆಗೆಯಾದು ಎಂದಳು. ಕೈ ಎತ್ತಿಸಿ ಅಳೆದೆ.

ಪರೀಕ್ಷಕಿ ಬೆಂಗಳೂರಿನಿಂದ ಬಂದಿದ್ದ ಹೆಂಗಸು, ಮುಖದಲ್ಲಿ ನಗು ಎಂಬುದೇ ಇಲ್ಲ. ನಾನು ಹೊಲಿದದ್ದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು. "ಏನಿದು? ಕಂಕುಳ ಸುತ್ತು ಇಷ್ಟು ಮೇಲೆ? ಪುಸ್ತಕದಲ್ಲಿ ಹೀಗಿಲ್ಲ. ಇದು ತಪ್ಪು."

ಹಿಂದಿನ ವರ್ಷವಾಗಿದ್ದರೆ ನಾನು ಅಲ್ಲೇ ಕುಸಿಯುತ್ತಿದ್ದೆ. ಆದರೆ ವರ್ಷವಿಡೀ ಮೂರು ಊರಿನ ಟೈಲರುಗಳ ಬಾಯಿಗೆ ಸಿಕ್ಕಿ ಬಂದವಳು ನಾನು.

"ಮೇಡಂ, ತಪ್ಪಾದರೆ ತಪ್ಪು ಅಂತ ನಾನೇ ಬರೆದು ಸಹಿ ಹಾಕ್ತೀನಿ. ಒಂದು ಸಲ ನಂಜಮ್ಮನಿಗೆ ತೊಡಿಸಿ ನೋಡಿ."

ಮೊದಲು ಬೇರೆ ಒಬ್ಬ ಹುಡುಗಿ ಹೊಲಿದದ್ದನ್ನು ತೊಡಿಸಿದರು, ಚೆಂದದ ಹೊಲಿಗೆ. ನಂಜಮ್ಮ ಎತ್ತರದ ಕಿಟಕಿಗೆ ಕೈ ಚಾಚಿದಳು. ರವಿಕೆ ನಾಲ್ಕು ಬೆರಳು ಮೇಲೇರಿತು, ಅವಳು ನಾಚಿ ಸೆರಗು ಎಳೆದುಕೊಂಡಳು. ಆಮೇಲೆ ನನ್ನದು. ನಂಜಮ್ಮ ಕಿಟಕಿ ತೆಗೆದಳು, ಮುಚ್ಚಿದಳು, ಮತ್ತೆ ತೆಗೆದಳು. ಬೋರ್ಡಿನ ತುದಿ ಒರೆಸಿದಳು. ಸೊಂಟದ ಅಂಚು ಅಲ್ಲಾಡಲಿಲ್ಲ. "ಅಯ್ಯೋ, ತೊಟ್ಟಂಗೇ ಇಲ್ಲ ಕಣ್ರವ್ವ! ನಾನು ಇದನ್ನ ಬಿಚ್ಚಲ್ಲ," ಎಂದಳು. ಹುಡುಗಿಯರೆಲ್ಲ ಗೊಳ್ಳೆಂದು ನಕ್ಕರು. ಪರೀಕ್ಷಕಿ ಕನ್ನಡಕ ತೆಗೆದು ಒರೆಸಿದರು. ಅಂಕದ ಹಾಳೆಯಲ್ಲಿ ಏನೋ ಹೊಡೆದು ಏನೋ ಬರೆದರು. ಏನು ಬರೆದರೆಂದು ನನಗೆ ಕಾಣಲಿಲ್ಲ.

ಫಲಿತಾಂಶ ಬಂದದ್ದು ಮುಂಗಾರಿನ ಮೊದಲ ಮಳೆ ಬಿದ್ದ ವಾರ. ಅದು ಬುಧವಾರವಲ್ಲ, ಶನಿವಾರ. ಎಂದೂ ನಿಲ್ದಾಣ ಬಿಟ್ಟು ನಿಲ್ಲದ ರುದ್ರಪ್ಪನ ಬಸ್ಸು ನಮ್ಮ ಮನೆಯ ಮುಂದೆಯೇ ನಿಂತು ಹಾರ್ನ್ ಹೊಡೆಯಿತು. ನಾನು ಹೊರಗೆ ಓಡಿದೆ, ಹಿಂದೆ ಅತ್ತಿಗೆ, ಅವಳ ಹಿಂದೆ ಕೈಯಲ್ಲಿ ಊಟದ ಎಂಜಲು ಸಮೇತ ಅಣ್ಣ. ರುದ್ರಪ್ಪ ಕೆಳಗಿಳಿದು ಖಾಕಿ ಚೀಲವನ್ನು ನನ್ನ ಕೈಗೆ ಕೊಟ್ಟ. "ಸಾಹೇಬ್ರು ಕಚೇರಿಗೆ ಹೋಗಿ ಲಿಸ್ಟ್ ನೋಡ್ಕಂಡು ಬಂದ್ರು. ಓದವ್ವ, ಬಸ್ನೋರೆಲ್ಲ ಕಾಯ್ತಾವ್ರೆ!"

ಕಿಟಕಿಗಳ ತುಂಬ ಮುಖಗಳು. ನಾನು ಪುಸ್ತಕ ಹಿಡಿದೆ, ಅತ್ತಿಗೆ ಪುಟ ತೆರೆದಳು. ಬಲಗಡೆಯ ಪುಟದಲ್ಲಿ ದಪ್ಪ ದುಂಡು ಅಕ್ಷರದಲ್ಲಿ ಇತ್ತು: "ಗಿರಿಜಮ್ಮ ಪಾಸು. ಫಸ್ಟ್ ಕ್ಲಾಸು." ಅತ್ತಿಗೆ ಜೋರಾಗಿ ಓದಿಬಿಟ್ಟಳು. ಬಸ್ಸಿನಲ್ಲಿದ್ದವರು, ನನ್ನ ಗುರುತೇ ಇಲ್ಲದವರು, ಚಪ್ಪಾಳೆ ತಟ್ಟಿದರು. ಅಣ್ಣ ಎಂಜಲು ಕೈಯಲ್ಲೇ ಕಣ್ಣು ಒರೆಸಿಕೊಂಡು, ಖಾರ ತಾಗಿ ಇನ್ನೂ ಅತ್ತ.

ನಾನು ಮಾತ್ರ ಎಡಗಡೆಯ ಪುಟ ನೋಡುತ್ತಿದ್ದೆ, ಪ್ರಶ್ನೆಯ ಪುಟ. ಅಲ್ಲೂ ಅದೇ ಅಕ್ಷರವಿತ್ತು. ಅಷ್ಟು ವರ್ಷ ಆ ಪುಸ್ತಕದಲ್ಲಿ ಉತ್ತರ ಮಾತ್ರ ಬರೆದಿದ್ದ ಮನುಷ್ಯ ಮೊದಲ ಸಲ ಕೇಳಿದ್ದರು. "ನಮಾಜಿಗೆ ಕೈ ಎತ್ತಿದಾಗ ನನ್ನ ಅಂಗಿ ಭುಜದಲ್ಲಿ ಎಳೆಯುತ್ತದೆ. ನಲವತ್ತು ವರ್ಷದಿಂದ ನಾನೇ ಹೊಲಿದು ನಾನೇ ತೊಡುತ್ತಿದ್ದೇನೆ, ಸರಿಯಾಗಿಲ್ಲ. ಹೇಗೆ ಕತ್ತರಿಸಬೇಕು? ಗಿರಿಜಮ್ಮನವರು ಹೇಳಬೇಕು. ಖಾದರ್, ದುರ್ಗ."

ಗಿರಿಜಮ್ಮನವರು! ಬೀದಿಯಲ್ಲೇ, ಮಳೆ ಹನಿಯುವಾಗಲೇ, ಅಳು ಬಂತು. ತಡೆಯಲೂ ಇಲ್ಲ. ಆಮೇಲೆ ಮೂಗು ಒರೆಸಿಕೊಂಡು, ರುದ್ರಪ್ಪನ ಕಿವಿಯ ಮೇಲಿದ್ದ ಪೆನ್ಸಿಲು ಕಿತ್ತುಕೊಂಡು, ಬಸ್ಸಿನ ಮೆಟ್ಟಿಲ ಮೇಲೆ ಪುಸ್ತಕವಿಟ್ಟು ಅಲ್ಲೇ ಬರೆದೆ.

"ಸಾಹೇಬರೇ, ಅಳತೆಗೆ ಹಳೆಯ ಅಂಗಿ ಕಳಿಸಬೇಡಿ. ಸೋಮವಾರದ ಬಸ್ಸಿಗೆ ನಾನೇ ಬರುತ್ತೇನೆ. ಟೇಪು ನಿಮ್ಮ ಮನೆಯ ಬೀಬಿಯವರು ಹಿಡಿಯಲಿ, ಎಲ್ಲಿ ಹಿಡಿಯಬೇಕೆಂದು ನಾನು ಹೇಳುತ್ತೇನೆ. ನೀವು ಕೈ ಎತ್ತಿ ನಿಂತಿರಿ."